ಹುಳುವಿನ ಊಟ, ಕಣಜದ ಪುಷ್ಟಿ

ಹಳೆಯ ಮನೆಗಳ ಜಂತಿಯ ಮೂಲೆಗಳಲ್ಲಿಯೂ ಕಿಟಕಿಯ ಚೌಕಟ್ಟಿನ ಸಂದಿನಲ್ಲಿಯೂ ಪುಟ್ಟ ಕುಡಿಕೆಯಂತಹ ಮಣ್ಣಿನ ಗೂಡುಗಳನ್ನು ವಾಚಕರೆಲ್ಲರೂ ಕಂಡಿರಬಹುದು. ಸಣ್ಣ ನಡುವಿನ ಕಣಜವೊಂದು ಕೆಸರಿನ ಉಂಡೆಗಳನ್ನು ತಂದು ತಂದು ಈ ಗೂಡನ್ನು ಕಟ್ಟುವುದು. ಹಸುರು ಹುಳುಗಳನ್ನು ಹಿಡಿದು ತಂದು ಅದರೊಳಗೆ ತುಂಬುವುದು. ಬಾಯನ್ನು ಮಣ್ಣಿನಿಂದ ಮುಚ್ಚಿ ಹೊರಟುಹೋಗುವುದು. ಕೆಲವು ದಿನಗಳು ಕಳೆದ ಮೇಲೆ ಗೂಡನ್ನು ಕೊರೆದುಕೊಂಡು ಹೊರಬರುವುದು ಹುಳುವಲ್ಲ, ಮತ್ತೊಂದು ಕಣಜ. ಇದನ್ನು ಕಂಡ ನಮ್ಮ ಪೂರ್ವಿಕರು, ಹುಳುವು ಭಯದಿಂದ ಹಗಲಿರುಳೂ ಕಣಜವನ್ನೇ ನೆನೆಯುತ್ತ ನೆನೆಯುತ್ತ ಕಡೆಗೆ ತಾನೇ ಕಣಜವಾಯಿತೆಂದು ಬಗೆದರು. ವೇದಾಂತಗ್ರಂಥಗಳಲ್ಲಿ ಭ್ರಮರಕೀಟ ನ್ಯಾಯವೆಂದು ಹೆಸರಾದ ದೃಷ್ಟಾಂತಕ್ಕೆ ಈ ನೋಟವೇ ಆಧಾರ.

ಹುಳು ಕಣಜವಾಗುವುದೇನೋ ನಿಜ, ಆದರೆ ಧ್ಯಾನಬಲದಿಂದಲ್ಲ. ತಾಯಿ ಕಣಜವು ಗೂಡಿನೊಳಗೆ ಒಂದು ಮೊಟ್ಟೆಯನ್ನು ಇಟ್ಟಿರುತ್ತದೆ. ಅದು ತಂದಿಟ್ಟ ಹುಳುಗಳು ಕೊಂಡಿಯ ವಿಷದಿಂದ ಚಲನೆ ತಪ್ಪಿ, ಆದರೂ ಸಾಯದೆ, ಕೊಳೆಯದೆ ಬಿದ್ದಿರುತ್ತವೆ. ಮೊಟ್ಟೆಯೊಡೆದು ಬಂದ ಮರಿಯು ಅವನ್ನು ಒಂದೊಂದಾಗಿ ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ರೆಕ್ಕೆ ಪಡೆದು ಹೊರಡುವುದು. ವೇದಾಂತಿಯ ದೃಷ್ಟಾಂತಕ್ಕೆ ಇದರಿಂದ ಕುಂದೇನೂ ಇಲ್ಲ. ಅವನು ಹೇಳಹೊರಟುದು ಮನಸ್ಸಿನ ಮಾತನ್ನು. ಆದರೆ ಪ್ರಾಣಿಶಾಸ್ತ್ರಜ್ಞನಿಗೆ ಇಲ್ಲಿಂದ ಮುಂದೆ ಇನ್ನೊಂದು ಪ್ರಶ್ನೆ ಏಳುವುದು. ಹುಳುವಿನ ಮೈಯೇ ಕಣಜದ ಮೈಯಾಗುವುದಾದರೆ, ಹುಳುವಿನ ಮೈ ಆದುದು ಯಾವುದರಿಂದ? ಅದು ತಿಂದ ಎಲೆಯಿಂದ. ಹಾಗಾದರೆ ಎಲೆಯ ಗುಣದೋಷಗಳು ಹುಳುವನ್ನು ದಾಟಿ ಕಣಜವನ್ನೂ ಮುಟ್ಟುವುವೆ? ಮುಟ್ಟುವುವೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಇದು ಬರಿಯ ಕುತೂಹಲದ ವಿಷಯವಲ್ಲ. ನಮ್ಮ ಹಿತ್ತಿಲಿನ ಟೊಮೇಟೊ ಗಿಡಕ್ಕೂ ರೈತನ ಹೊಲಕ್ಕೂ ಸಂಬಂಧಪಟ್ಟುದು.

ಕರೆಯದೆ ಬಂದ ಅತಿಥಿ

ಮಣ್ಣಿನ ಗೂಡನ್ನು ಕಟ್ಟುವ ಕಣಜಗಳು ಬೇಟೆಗಾರ ಜಾತಿಯವು. ಇವುಗಳಿಗಿಂತ ಎಷ್ಟೋ ಪಾಲು ಹೆಚ್ಚು ಸಂಖ್ಯೆಯಲ್ಲಿರುವ ಮತ್ತೊಂದು ವರ್ಗದ ಕಣಜಗಳು ಗೂಡನ್ನೇ ಕಟ್ಟುವುದಿಲ್ಲ. ಹುಳುವನ್ನು ಹೊತ್ತು ತರುವ ಶ್ರಮವನ್ನೂ ಪಡುವುದಿಲ್ಲ. ಹುಳುವು ಎಲೆಯ ಮೇಲೆ ಮೇಯುತ್ತಿರುವಾಗಲೇ ಬಂದು, ಸೂಜಿಯಂತಹ ಅಂಗವನ್ನು ಅದರ ಮೈಗೆ ಚುಚ್ಚಿ ಮೊಟ್ಟೆಯನ್ನು ಒಳಗೆ ಇಳಿಸಿ ಹಾರಿಹೋಗುವುವು. ಇವನ್ನು ಪರಾವಲಂಬಿ ಕಣಜಗಳೆಂದು ಕರೆಯಬಹುದು. ಇವುಗಳಲ್ಲಿ ಹೆಸರಿಟ್ಟ ಜಾತಿಗಳೇ ಹತ್ತಾರು ಸಾವಿರ. ಬಹುಪಾಲು ಜಾತಿಗಳು ಮನುಷ್ಯನನ್ನು ಕುಟುಕುವುದಿಲ್ಲ. ಎಷ್ಟೋ ಜಾತಿಗಳು ಸಾಸಿವೆಕಾಳಿಗಿಂತಲೂ ಚಿಕ್ಕವಾದುದರಿಂದ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಇಂತಹ ಹುಳುವನ್ನು ಶಾಸ್ತ್ರಜ್ಞರು ‘ಆತಿಥೇಯ’ ಎನ್ನುವರು. ಅತಿಥಿಯಾದರೋ ಕರೆಯದೆ ಬಂದವನು. ಉಂಡು ಮುಗಿಸಿದ ಮೇಲೆ ಮನೆಯನ್ನೂ ಕೆಡವಿ ಹೋಗುವವನು. ಹೇನು, ಉಣ್ಣೆ ಮೊದಲಾದುವು ನಮ್ಮ ನೆತ್ತರನ್ನು ಹೀರಿದರೂ ಸಾಮಾನ್ಯವಾಗಿ ಪ್ರಾಣವನ್ನು ತೆಗೆಯುವುದಿಲ್ಲ. ಈ ಕಣಜದ ಮರಿ ಹಾಗಲ್ಲ. ಅದು ಬದುಕಿ ಹೊರಬರಬೇಕಾದರೆ ಆತಿಥೇಯನು ಸಾಯಲೇಬೇಕು.

ಆದರೆ ಕೂಡಲೇ ಸಾಯಬಾರದು. ಇಲ್ಲಿಯೇ ವಿಷಯದ ಮರ್ಮವಿರುವುದು. ಕೆಲವು ಜಾತಿಗಳು ಚುಚ್ಚಿದೊಡನೆಯೇ ಹುಳುವನ್ನು ನಿಶ್ಚೇಷ್ಟಗೊಳಿಸುವುವು. ಅಲ್ಲಿ ಮರಿಗೆ ದೊರೆಯುವ ಆಹಾರವು ಆ ಕ್ಷಣದಲ್ಲಿ ಉಗ್ರಾಣದಲ್ಲಿದ್ದಷ್ಟೇ. ಮತ್ತೆ ಕೆಲವು ಜಾತಿಗಳು ಹುಳುವನ್ನು ಮೇಯುವುದಕ್ಕೆ ಬಿಟ್ಟು, ಅದು ಬೆಳೆಯುತ್ತಿರುವಂತೆಯೇ ಒಳಗೆ ತಾವೂ ಬೆಳೆಯುವುವು. ಈ ಎರಡನೆಯ ಬಗೆಯಲ್ಲಿ ಹುಳು ಪ್ರತಿದಿನವೂ ತಿನ್ನುವ ಎಲೆಯೇ ಅದರ ನೆತ್ತರಾಗಿ ಕಣಜದ ಮರಿಗೆ ಸೇರುತ್ತಿರುವುದು. ಬಸುರಿಯು ಉಂಡುದು ಕೂಸಿಗೆ ಮುಟ್ಟುವಂತೆ ಎನ್ನೋಣವೆಂದರೆ, ಇಲ್ಲಿ ಕೂಸು ಶತ್ರುವಿನದು.

ತವರಿನ ಬುತ್ತಿ

ರೆಕ್ಕೆ ಬಂದ ಮೇಲೆ ಕಣಜವು ಹೂವಿನ ಮಕರಂದವನ್ನೂ, ಹೇನುಹುಳುಗಳು ಎಲೆಗಳ ಮೇಲೆ ಸುರಿಸುವ ಸಿಹಿನೀರನ್ನೂ ಕುಡಿದು ಜೀವಿಸುವುದು. ಹೀಗಿರಲು, ಬಾಲ್ಯದಲ್ಲಿ ಆಹಾರವು ಸ್ವಲ್ಪ ಕಡಮೆಯಾದರೇನು, ದೊಡ್ಡದಾದ ಮೇಲೆ ಸರಿಪಡಿಸಿಕೊಳ್ಳಬಾರದೆ ಎಂದು ಕೇಳಬಹುದು. ನಾವಾದರೋ ಸಕ್ಕರೆ ಬೆಲ್ಲಗಳನ್ನು ಮಿತಿಮೀರಿ ತಿಂದರೆ ಅದೇ ಕೊಬ್ಬಾಗಿ ಮೈಗೆ ಸೇರುವುದು. ಬಹುಪಾಲು ಕೀಟಗಳಲ್ಲಿಯೂ ಹೀಗೆಯೇ. ಪರಾವಲಂಬಿ ಕಣಜಗಳಲ್ಲಿ ಹೆಚ್ಚಿನವಕ್ಕೆ ಈ ಶಕ್ತಿ ಲೋಪವಾಗಿದೆ. ನೆದರ್ಲೆಂಡ್ಸಿನ ಬೆರ್ಟಾನ್ ವಿಸ್ಸರ್ ಮತ್ತು ಅವರ ಜೊತೆಗಾರರು 2010ರಲ್ಲಿ ಈ ಸಂಗತಿಯನ್ನು ಅನೇಕ ಕೀಟಜಾತಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಪರಾವಲಂಬಿ ಜೀವನವನ್ನು ಹಿಡಿದ ಕಣಜಗಳಲ್ಲಿ ಮಾತ್ರವಲ್ಲದೆ, ಅದೇ ಬಗೆಯಾಗಿ ಬಾಳುವ ನೊಣಗಳಲ್ಲಿಯೂ ಜೀರುಂಡೆಗಳಲ್ಲಿಯೂ ಸಕ್ಕರೆಯಿಂದ ಕೊಬ್ಬನ್ನು ಮಾಡಿಕೊಳ್ಳುವ ಸಾಮರ್ಥ್ಯವು ಬೇರೆ ಬೇರೆಯಾಗಿಯೇ ಅಳಿದಿರುವುದು ಕಂಡುಬಂದಿತು. ಕೆಲವು ಜಾತಿಗಳು ಇದಕ್ಕೆ ಹೊರತಾಗಿವೆಯೆಂದು ಆಮೇಲಿನ ಪರೀಕ್ಷೆಗಳು ತೋರಿಸಿವೆ. ಆದರೆ ಸಾಮಾನ್ಯ ನಿಯಮವು ನಿಂತಿದೆ.

ಇದರ ಫಲವೇನೆಂದರೆ, ಕಣಜವು ಹುಳುವಿನ ಮೈಯಿಂದ ಹೊರಡುವಾಗ ಕಟ್ಟಿಕೊಂಡು ಬಂದ ಕೊಬ್ಬೇ ಅದರ ಜೀವಮಾನದ ಬುತ್ತಿ. ತವರಿನಿಂದ ತಂದ ಬುತ್ತಿ ತೀರಿದ ಮೇಲೆ ಮತ್ತೆ ತುಂಬುವವರಿಲ್ಲ. ಮಕರಂದವು ಹಾರುವುದಕ್ಕೆ ಬಲವನ್ನು ಕೊಡಬಹುದು. ಆ ಬುತ್ತಿಯು ಬೇಗ ಖರ್ಚಾಗದಂತೆ ತಡೆಯಬಹುದು. ಆದರೆ ಮೊಟ್ಟೆಗಳಿಗೆ ಬೇಕಾದ ಕೊಬ್ಬು ತವರಿನದೇ ಆಗಬೇಕು. ಸೊರಗಿದ ಹುಳುವಿನಿಂದ ಹೊರಟ ಕಣಜವು ಸಣ್ಣದಾಗಿಯೂ ಅಲ್ಪಾಯುವಾಗಿಯೂ ಕಡಮೆ ಮೊಟ್ಟೆಗಳುಳ್ಳದಾಗಿಯೂ ಇರುವುದು ಇದೇ ಕಾರಣದಿಂದ.

ತಾಯಿ ಕಣಜಕ್ಕೂ ಈ ಲೆಕ್ಕವು ತಿಳಿದಿರುವಂತೆ ತೋರುವುದು. ಕಣಜಗಳಲ್ಲಿ ಸಾಮಾನ್ಯವಾಗಿ ಫಲಿತವಾದ ಮೊಟ್ಟೆಯಿಂದ ಹೆಣ್ಣೂ, ಫಲಿತವಾಗದ ಮೊಟ್ಟೆಯಿಂದ ಗಂಡೂ ಹುಟ್ಟುವುವು. ತಾಯಿಯು ಪುಷ್ಟವಾದ ಆತಿಥೇಯನು ಸಿಕ್ಕಿದಾಗ ಹೆಣ್ಣನ್ನೂ, ಬಡಕಲಾದುದು ಸಿಕ್ಕಿದಾಗ ಗಂಡನ್ನೂ ಇಡುವುದು ಅನೇಕ ಜಾತಿಗಳಲ್ಲಿ ಕಂಡುಬಂದಿದೆ. ಹೊಟ್ಟೆ ತುಂಬ ಮೊಟ್ಟೆಯನ್ನು ಹೊರಬೇಕಾದವಳಿಗೆ ಒಳ್ಳೆಯ ಊಟ. ಗಂಡಿಗೆ ಇದ್ದುದರಲ್ಲಿಯೇ ನಡೆದೀತು. ಮಗಳಿಗೆ ಬಡಿಸುವಾಗ ಕೈ ಹಿಡಿಯುವ ಮನೆಗಳು ಈ ಪುಟ್ಟ ಕೀಟವನ್ನು ನೋಡಿ ಕಲಿಯುವುದುಂಟು.

ಟೊಮೇಟೊ ಎಲೆಯ ಪಾಠ

ಆಹಾರದ ಕೊರತೆಯಿಂದಾಗುವ ಕೇಡು ಒಂದು ಬಗೆ. ಆಹಾರದಲ್ಲಿ ಬೆರೆತ ವಿಷದಿಂದಾಗುವ ಕೇಡು ಇನ್ನೊಂದು ಬಗೆ. ಟೊಮೇಟೊ ಗಿಡದ ಎಲೆಯಲ್ಲಿಯೂ ಎಳೆಯ ಹಸುರು ಕಾಯಿಯಲ್ಲಿಯೂ ಟೊಮೇಟೀನ್ ಎಂಬ ಕಹಿ ದ್ರವ್ಯವಿದೆ. ಕಾಯಿ ಹಣ್ಣಾಗುತ್ತ ಬಂದಂತೆ ಅದು ಬಹಳ ಮಟ್ಟಿಗೆ ಇಳಿದುಹೋಗುವುದು. ಗಿಡವು ತನ್ನನ್ನು ಹುಳುಗಳಿಂದಲೂ ಬೂಷ್ಟಿನಿಂದಲೂ ಕಾಪಾಡಿಕೊಳ್ಳುವುದಕ್ಕೆ ಇಟ್ಟುಕೊಂಡಿರುವ ಆಯುಧವಿದು. ಆದುದರಿಂದ, ಈ ದ್ರವ್ಯವು ಹೆಚ್ಚಾಗಿರುವ ತಳಿಗಳನ್ನು ಆರಿಸಿ ಬೆಳೆಸಿದರೆ ಹುಳುಗಳ ಕಾಟವು ತಪ್ಪುವುದೆಂದು ಯಾರಿಗಾದರೂ ತೋರುವುದು ಸಹಜ.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕ್ಯಾಂಪ್‌ಬೆಲ್ ಮತ್ತು ಡಫಿ ಎಂಬ ಪಂಡಿತರು 1979ರಲ್ಲಿ ಪ್ರಕಟಿಸಿದ ಪ್ರಯೋಗವು ಈ ನಂಬಿಕೆಗೆ ದೊಡ್ಡ ಪೆಟ್ಟನ್ನು ಕೊಟ್ಟಿತು. ಅವರು ಟೊಮೇಟೊ ಕಾಯಿಯನ್ನು ಕೊರೆಯುವ ಹುಳುವಿನ ಆಹಾರದಲ್ಲಿ ಟೊಮೇಟೀನನ್ನು ಬೆರೆಸಿದರು. ಹೈಪೊಸೋಟರ್ ಎಂಬ ಕಣಜದ ಮರಿಯನ್ನು ಆ ಹುಳುವಿನೊಳಗೆ ಬೆಳೆಯಗೊಟ್ಟರು. ಕಣಜವು ಟೊಮೇಟೊ ಗಿಡವನ್ನು ಬಾಯಿಂದ ಮುಟ್ಟಿದುದಲ್ಲ. ಆದರೂ ಹುಳು ತಿಂದ ವಿಷವು ಅದಕ್ಕೆ ಸೇರಿತು. ಮರಿಯ ಬೆಳವಣಿಗೆಯ ಕಾಲವು ಎಳೆಯಿತು. ಎಷ್ಟೋ ಕಣಜಗಳು ಕೋಶದಿಂದ ಹೊರಬರಲಾರದೆ ಹೋದುವು. ಬಂದವುಗಳಲ್ಲಿ ಮೀಸೆ, ಹೊಟ್ಟೆ, ಜನನಾಂಗಗಳು ವಿಕಾರವಾಗಿದ್ದುವು. ತೂಕವೂ ಆಯುಸ್ಸೂ ಕುಗ್ಗಿದ್ದುವು. ಶತ್ರುವಿಗೆಂದು ಗಿಡವು ಇಟ್ಟ ವಿಷವು ಶತ್ರುವಿನ ಶತ್ರುವಿಗೆ ತಗುಲಿತು.

ಎರಡು ವರ್ಷಗಳ ಮೇಲೆ, 1981ರಲ್ಲಿ, ಅದೇ ಪಂಡಿತರು ಇನ್ನೊಂದು ಸಂಗತಿಯನ್ನು ತಿಳಿಸಿದರು. ಸಸ್ಯಗಳಲ್ಲಿ ಸ್ಟೆರಾಲ್ ಎಂಬ ಜಿಡ್ಡಿನ ಜಾತಿಯ ದ್ರವ್ಯಗಳಿವೆ. ಕೀಟಗಳು ಇವನ್ನು ತಮ್ಮ ಮೈಯಲ್ಲಿ ತಾವೇ ಮಾಡಿಕೊಳ್ಳಲಾರವು, ಆಹಾರದಿಂದಲೇ ಪಡೆಯಬೇಕು. ಟೊಮೇಟೀನು ಇಂಥವುಗಳೊಡನೆ ಕೂಡಿ ಕಟ್ಟಿಕೊಳ್ಳುವ ಸ್ವಭಾವದ್ದು. ಹುಳುವಿನ ಆಹಾರದಲ್ಲಿ ಸ್ಟೆರಾಲನ್ನು ಹೆಚ್ಚಿಸಿದಾಗ, ಟೊಮೇಟೀನು ಇದ್ದರೂ ಕಣಜಕ್ಕೆ ಆಗುವ ಹಾನಿಯು ತಗ್ಗಿತು. ನಮ್ಮ ವೈದ್ಯರು ಮದ್ದಿಗಿಂತ ಅನುಪಾನವು ಮುಖ್ಯವೆನ್ನುವರಲ್ಲವೆ? ತುಪ್ಪದಲ್ಲಿ ಕೊಟ್ಟ ಚೂರ್ಣವು ಒಂದು ಗುಣವನ್ನೂ, ಬಿಸಿನೀರಿನಲ್ಲಿ ಕೊಟ್ಟುದು ಬೇರೊಂದು ಗುಣವನ್ನೂ ತೋರುವಂತೆ, ಎಲೆಯಲ್ಲಿ ವಿಷವೆಷ್ಟಿದೆ ಎಂಬುದೊಂದನ್ನೇ ಅಳೆದರೆ ಸಾಲದು. ಅದರೊಡನೆ ಮತ್ತೇನಿದೆ ಎಂಬುದನ್ನೂ ನೋಡಬೇಕು.

ಹೊಗೆಸೊಪ್ಪಿನ ಮರೆ

ಅಮೆರಿಕದ ಹೊಗೆಸೊಪ್ಪಿನ ಹೊಲಗಳಲ್ಲಿ ಬಾಲದ ತುದಿಗೆ ಕೊಂಬಿರುವ ಒಂದು ದಪ್ಪ ಹಸುರು ಹುಳುವಿದೆ. ಉಳಿದ ಕೀಟಗಳನ್ನು ಕೊಲ್ಲುವಷ್ಟು ನಿಕೊಟೀನು ಇರುವ ಎಲೆಯನ್ನು ಅದು ಹಬ್ಬದೂಟದಂತೆ ತಿನ್ನುವುದು. ತಿಂದ ನಿಕೊಟೀನಿನ ಬಹುಭಾಗವನ್ನು ಬೇಗನೆ ಮಲದೊಡನೆ ಹೊರಗೆ ಹಾಕುವುದೇ ಅದರ ಉಪಾಯ. ಈ ಹುಳುವಿಗೆ ಕೊಟೇಸಿಯ ಎಂಬ ಕಿರುಕಣಜವು ವೈರಿ. ತಾಯಿ ಕಣಜವು ಮೊಟ್ಟೆಗಳೊಡನೆ ಒಂದು ಬಗೆಯ ವೈರಸ್ ಕಣಗಳನ್ನೂ ಹುಳುವಿನ ಮೈಗೆ ಸೇರಿಸುವುದು. ಅವು ಹುಳುವಿನ ರಕ್ಷಣಶಕ್ತಿಯನ್ನು ಕುಂದಿಸಿ ಮೊಟ್ಟೆಗಳನ್ನು ಕಾಪಾಡುವುವು. ಮರಿಗಳು ಹುಳುವಿನ ನೆತ್ತರಿನಲ್ಲಿ ಬೆಳೆದು, ಚರ್ಮವನ್ನು ಕೊರೆದು ಹೊರಬಂದು, ಅದರ ಬೆನ್ನ ಮೇಲೆಯೇ ಬಿಳಿಯ ರೇಷ್ಮೆಯ ಗೂಡುಗಳನ್ನು ಕಟ್ಟುವುವು. ಬೆನ್ನಿನ ತುಂಬ ಅಕ್ಕಿಯ ಕಾಳುಗಳನ್ನು ನೆಟ್ಟಂತೆ ಕಾಣುವ ಆ ಹುಳು ಅನಂತರ ಮೇಯುವುದನ್ನು ಬಿಟ್ಟು ಸಾಯುವುದು.

ಮೇರಿಲೆಂಡ್ ವಿಶ್ವವಿದ್ಯಾನಿಲಯದ ಪೆಡ್ರೋ ಬಾರ್ಬೋಸಾ ಮತ್ತು ಅವರ ಸಂಗಡಿಗರು 1986ರಲ್ಲಿಯೂ ಆಮೇಲೆಯೂ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುದೇನೆಂದರೆ, ಹುಳುವಿನ ಆಹಾರದಲ್ಲಿ ನಿಕೊಟೀನು ಹೆಚ್ಚಿದ್ದಲ್ಲಿ ಬದುಕಿ ಹೊರಬರುವ ಕಣಜಗಳು ಕಡಮೆ. ಹುಳುವಿಗೆ ಅಷ್ಟಾಗಿ ನಾಟದ ಘಾಟು ಅದರೊಳಗಿನ ಮರಿಗೆ ನಾಟಿತು. ಗಿಡವು ಹುಳುವನ್ನು ಹೊಡೆಯಲು ಎತ್ತಿದ ದೊಣ್ಣೆಯನ್ನು ಹುಳು ತನ್ನ ಗುರಾಣಿಯನ್ನಾಗಿ ಮಾಡಿಕೊಂಡಂತಾಯಿತು.

ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಹುಳು ಎಲೆಯನ್ನು ಕಚ್ಚಿದಾಗ ಗಿಡಗಳು ಒಂದು ಬಗೆಯ ವಾಸನೆಯನ್ನು ಹೊರಡಿಸಿ ಕಣಜಗಳನ್ನು ಸೆಳೆಯುವುವು. ಮುಸುಕಿನ ಜೋಳದ ಎಳೆಯ ಪೈರಿನಲ್ಲಿ ಇದನ್ನು ಟರ್ಲಿಂಗ್ಸ್ ಮೊದಲಾದವರು 1990ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಗಿಡವು ಒಂದು ಕೈಯಿಂದ ಕಣಜವನ್ನು ಕರೆಯುತ್ತದೆ. ಎಲೆಯಲ್ಲಿ ವಿಷವು ಬಲವಾಗಿದ್ದರೆ ಇನ್ನೊಂದು ಕೈಯಿಂದ ಅದರ ಮಕ್ಕಳಿಗೆ ವಿಷವನ್ನಿಕ್ಕುತ್ತದೆ.

ಹುಳು ಕಂಡುಕೊಂಡ ಮದ್ದು

ಆತಿಥೇಯನ ಊಟವು ಕಣಜವನ್ನು ಕೊಲ್ಲಬಲ್ಲುದಾದರೆ, ಆತಿಥೇಯನು ಅದನ್ನೇ ಔಷಧವನ್ನಾಗಿ ಬಳಸಬಾರದೇಕೆ? ಮಿತಿಮೀರಿ ಕಳಿತ ಬಾಳೆಯ ಹಣ್ಣಿನ ಸುತ್ತ ಮುತ್ತುವ ಪುಟ್ಟ ಹಣ್ಣುನೊಣವು ಹೀಗೆಯೇ ಮಾಡುತ್ತದೆ. ಹುದುಗೆದ್ದ ಹಣ್ಣಿನಲ್ಲಿ ಮದ್ಯಸಾರವು ಹುಟ್ಟುವುದಷ್ಟೆ. ಅಲ್ಲಿಯೇ ಬೆಳೆಯುವ ಈ ನೊಣದ ಮರಿಗಳಿಗೆ ಅದು ತಕ್ಕಮಟ್ಟಿಗೆ ಒಗ್ಗಿದೆ. ಅಮೆರಿಕದ ಎಮರಿ ವಿಶ್ವವಿದ್ಯಾನಿಲಯದಲ್ಲಿ ಟಾಡ್ ಶ್ಲೆಂಕೆ ಮತ್ತು ಅವರ ಶಿಷ್ಯರು 2012ರಲ್ಲಿ ಪ್ರಕಟಿಸಿದ ವಿವರದಂತೆ, ಕಣಜದ ಮೊಟ್ಟೆಯನ್ನು ಹೊತ್ತ ನೊಣದ ಮರಿಗಳು ಮದ್ಯಸಾರವಿರುವ ಆಹಾರವನ್ನು ಅರಸಿ ಹೋಗುವುವು. ಅವುಗಳ ನೆತ್ತರಿಗೆ ಸೇರಿದ ಮದ್ಯವು ಒಳಗಿನ ಕಣಜದ ಮರಿಯನ್ನು ಕೊಲ್ಲುವುದುಂಟು. ನೊಣದ ಮರಿ ಬದುಕಿಕೊಳ್ಳುವುದು. ಈ ನೊಣವನ್ನೇ ನೆಚ್ಚಿ ಬಾಳುವ ಕಣಜವು ಮದ್ಯವನ್ನು ಹೆಚ್ಚಾಗಿ ತಾಳಿಕೊಂಡಿತು; ಬೇರೆ ಬೇರೆ ನೊಣಗಳನ್ನು ಹಿಡಿಯುವ ಕಣಜವು ಅಷ್ಟಾಗಿ ತಾಳಲಾರದೆ ಹೋಯಿತು. ಮರುವರ್ಷವೇ ಅವರು ಇನ್ನೊಂದನ್ನು ತಿಳಿಸಿದರು: ತಾಯಿನೊಣಗಳು ಹೆಣ್ಣು ಕಣಜವನ್ನು ಕಣ್ಣಿನಿಂದ ಕಂಡ ಮಾತ್ರಕ್ಕೆ ಮದ್ಯಸಾರವಿರುವ ಎಡೆಯನ್ನು ಆರಿಸಿ ಮೊಟ್ಟೆಯಿಡುವುವು. ಮಕ್ಕಳಿಗೆ ಆಪತ್ತು ಬರುವ ಮೊದಲೇ ಮದ್ದನ್ನು ಅಣಿಮಾಡಿಡುವ ತಾಯ್ತನವು ನೊಣಕ್ಕೂ ಉಂಟು.

ಬೆಂಗಳೂರಿನ ಕಣಜದ ಅಡುಗೆಮನೆ

ಈ ವಿಚಾರಗಳೆಲ್ಲ ನಮ್ಮ ನಾಡಿಗೆ ದೂರದವಲ್ಲ. ಕಣಜಗಳನ್ನು ಸಾಕಿ ರೈತರಿಗೆ ಒದಗಿಸುವ ಕಾರ್ಯವು ಬೆಂಗಳೂರಿನಲ್ಲಿ ಬಹುಕಾಲದಿಂದ ನಡೆದು ಬಂದಿದೆ. 1957ರಲ್ಲಿ ಅಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವಾಗಿ ಆರಂಭವಾದುದೇ ಮುಂದೆ ಬೆಳೆದು, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲಿಯೂ ಇತರ ಪ್ರಯೋಗಶಾಲೆಗಳಲ್ಲಿಯೂ ಸಾಕುವ ಕಣಜಗಳಲ್ಲಿ ಟ್ರೈಕೊಗ್ರಾಮವು ಮುಖ್ಯವಾದುದು. ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಇದು ಕಬ್ಬಿನ ಸುಳಿಯನ್ನು ಕೊರೆಯುವ ಹುಳು ಮೊದಲಾದುವುಗಳ ಮೊಟ್ಟೆಯೊಳಗೇ ತನ್ನ ಮೊಟ್ಟೆಯನ್ನಿಟ್ಟು, ಹುಳು ಹುಟ್ಟದಂತೆ ಮಾಡುವುದು.

ಲಕ್ಷಗಟ್ಟಲೆ ಕಣಜಗಳನ್ನು ಸಾಕಬೇಕಾದರೆ ಲಕ್ಷಗಟ್ಟಲೆ ಮೊಟ್ಟೆಗಳು ಬೇಕು. ಅದಕ್ಕಾಗಿ ಸಾಕುವುದು ಗೃಹಿಣಿಯರೆಲ್ಲರೂ ಬಲ್ಲ ಕೀಟವನ್ನೇ. ಅಕ್ಕಿ, ರವೆ, ಜೋಳಗಳ ಡಬ್ಬಿಯಲ್ಲಿ ನೂಲಿನ ಬಲೆಯನ್ನು ಕಟ್ಟಿ ಕಾಳುಗಳನ್ನು ಗಂಟುಗಂಟಾಗಿ ಮಾಡುವ ಹುಳುವಿನ ಪತಂಗವದು. ಅದರ ಮರಿಗಳಿಗೆ ಒಡೆದ ಜೋಳ ಅಥವಾ ಸಜ್ಜೆಯನ್ನು ಬಿಸಿಯಲ್ಲಿ ಶುದ್ಧಿಮಾಡಿ ಬಡಿಸುವರು. ಬರಿಯ ಕಾಳು ಸಾಲದೆಂದು, ಎರಡೂವರೆ ಕಿಲೋಗ್ರಾಂ ಕಾಳಿಗೆ ಸುಮಾರು 100 ಗ್ರಾಂ ಕಡಲೆಕಾಯಿಬೀಜದ ಪುಡಿಯನ್ನೂ ಚಿಟಿಕೆಯಷ್ಟು ಯೀಸ್ಟನ್ನೂ ಬೆರೆಸುವುದು ರೂಢಿ. ಕಡಲೆಕಾಯಿ ಪುಡಿಯ ಜಿಡ್ಡೂ ಸತ್ತ್ವವೂ ಹುಳುವಿಗೆ ಸೇರಿ, ಅದು ಪತಂಗವಾದಾಗ ಮೊಟ್ಟೆಗೆ ಇಳಿದು, ಆ ಮೊಟ್ಟೆಯಿಂದ ಕಣಜಕ್ಕೆ ಬರುವುವು. ಮೊಟ್ಟೆಗಳನ್ನು ಕಾಗದದ ಅಟ್ಟೆಗೆ ಅಂಟಿಸಿ, ಒಳಗಿನ ಹುಳು ಹುಟ್ಟದಂತೆ ನೇರಿಳಾತೀತ ಕಿರಣಗಳನ್ನು ಹಾಯಿಸಿ, ಕಣಜಗಳಿಗೆ ಒಪ್ಪಿಸುವರು. ಈ ಅಟ್ಟೆಗಳನ್ನೇ ರೈತರು ಗರಿಗಳಿಗೆ ಕಟ್ಟುವುದು.

ಮೊಟ್ಟೆಯ ಗುಣವು ಕಣಜದ ಮೇಲೆ ಎಷ್ಟು ಆಳವಾಗಿ ನಾಟುವುದೆಂಬುದಕ್ಕೆ ಒಂದೇ ನಿದರ್ಶನವು ಸಾಕು. ಕೇಂಬ್ರಿಜ್ಜಿನ ಜಾರ್ಜ್ ಸಾಲ್ಟ್ ಎಂಬ ಶಾಸ್ತ್ರಜ್ಞರು 1937ರಲ್ಲಿ ಟ್ರೈಕೊಗ್ರಾಮದ ಒಂದು ಜಾತಿಯನ್ನು ಕುರಿತು ಬರೆದರು. ಪತಂಗದ ಮೊಟ್ಟೆಗಳಲ್ಲಿ ಬೆಳೆದ ಅದರ ಗಂಡುಗಳಿಗೆ ರೆಕ್ಕೆಗಳಿದ್ದುವು. ಅದೇ ಜಾತಿಯ ಗಂಡುಗಳು ನೀರಿನ ಬದಿಯ ಆಲ್ಡರ್ ನೊಣದ ಮೊಟ್ಟೆಗಳಲ್ಲಿ ಬೆಳೆದಾಗ ರೆಕ್ಕೆಗಳೇ ಇಲ್ಲದೆ ಹುಟ್ಟಿದುವು. ಜಾತಿಯೊಂದೇ, ತೊಟ್ಟಿಲು ಬೇರೆಯಾದುದರಿಂದ ರೂಪವೇ ಬೇರೆಯಾಯಿತು. ಆದುದರಿಂದ ಕಣಜವನ್ನು ಸಾಕುವವರು ಅಟ್ಟೆಯಲ್ಲಿ ಎಷ್ಟು ಕಣಜಗಳಾದುವೆಂದು ಎಣಿಸಿದರೆ ಸಾಲದು. ಹೊಲದಲ್ಲಿ ಹಾರಿ ಹುಡುಕುವ ಬಲವು ಅವಕ್ಕೆ ಬಂದಿದೆಯೆ ಎಂದೂ ನೋಡಬೇಕು. ಆ ಬಲದ ಬೇರು ಪತಂಗದ ಮರಿಗೆ ಬಡಿಸಿದ ತಟ್ಟೆಯಲ್ಲಿದೆ.

ಗೃಹಸ್ಥರು ಮಾಡಬಹುದಾದುದು

ಇದರಿಂದ ಕಲಿಯತಕ್ಕ ಪಾಠವು ದೊಡ್ಡದು. ಹುಳು ಮುಟ್ಟದಷ್ಟು ಕಹಿಯಾದ ತಳಿಯನ್ನು ಬೆಳೆಸಿದರೆ ಬೆಳೆ ಉಳಿಯಿತೆಂದು ನಿಶ್ಚಿಂತರಾಗಿರುವಂತಿಲ್ಲ. ಹೊಗೆಸೊಪ್ಪಿನ ಹುಳುವಿನಂತೆ ಆ ವಿಷವನ್ನು ಅರಗಿಸಿಕೊಂಡ ಹುಳುವೊಂದು ಬಂದರೆ, ಅದನ್ನು ಹಿಡಿಯಬೇಕಾದ ಕಣಜವು ಆ ಹೊಲದಲ್ಲಿ ಬಾಳಲಾರದೆ ಹೋಗಬಹುದು. ತಳಿಯನ್ನು ಪರೀಕ್ಷಿಸುವವರು ಹುಳು ಎಷ್ಟು ಸತ್ತಿತೆಂಬುದರ ಜೊತೆಗೆ ಅದರೊಳಗಿನ ಕಣಜ ಎಷ್ಟು ಬದುಕಿತೆಂಬುದನ್ನೂ ಬರೆದಿಡಬೇಕು.

ಹಿತ್ತಿಲಿನ ಮಟ್ಟಿಗೆ ನಾವು ಮಾಡಬಹುದಾದುದು ಸುಲಭವಾಗಿದೆ. ನಿಂಬೆಯ ಗಿಡದ ಮೇಲೋ ಕರಿಬೇವಿನ ಗಿಡದ ಮೇಲೋ ಹುಳುವೊಂದು ಮಂಕಾಗಿ ಕುಳಿತಿದ್ದು, ಅದರ ಮೈಮೇಲಾಗಲಿ ಪಕ್ಕದ ಎಲೆಯ ಮೇಲಾಗಲಿ ಅಕ್ಕಿಕಾಳಿನಂತಹ ಬಿಳಿಯ ಗೂಡುಗಳಿದ್ದರೆ ಅದನ್ನು ಹೊಸಕಬಾರದು. ಆ ಹುಳುವಿನಿಂದ ಗಿಡಕ್ಕೆ ಇನ್ನು ಭಯವಿಲ್ಲ. ಗೂಡುಗಳಿಂದ ಹೊರಡುವ ಕಣಜಗಳು ಮುಂದಿನ ಹುಳುಗಳನ್ನು ನೋಡಿಕೊಳ್ಳುವುವು. ಅಂತಹ ಗಿಡಕ್ಕೆ ಕೀಟನಾಶಕವನ್ನು ಎರಚಬಾರದು. ಕೊತ್ತಂಬರಿ, ಸಬ್ಬಸಿಗೆಗಳನ್ನೆಲ್ಲ ಸೊಪ್ಪಿಗೆಂದು ಕಿತ್ತುಬಿಡದೆ ನಾಲ್ಕು ಗಿಡಗಳನ್ನು ಹೂವಿಗೆ ಬಿಟ್ಟರೆ, ಗಿಡ್ಡ ಬಾಯಿಯ ಈ ಕಣಜಗಳಿಗೆ ನಿಲುಕುವ ಮಕರಂದವು ಅಲ್ಲಿ ದೊರೆಯುವುದು. ತವರಿನ ಬುತ್ತಿ ಕೆಲವು ದಿನ ಹೆಚ್ಚಾಗಿ ಬಾಳುವುದು.

ಜಂತಿಯ ಮೂಲೆಯ ಮಣ್ಣಿನ ಗೂಡನ್ನು ಮುಂದಿನ ಸಲ ಪೊರಕೆಯಿಂದ ಕೆಡಹುವ ಮೊದಲು ಮಕ್ಕಳನ್ನು ಕರೆದು ತೋರಿಸಿರಿ. ಭ್ರಮರಕೀಟದ ಕಥೆಯನ್ನು ಹೇಳಿರಿ. ಒಳಗೆ ನಿಜವಾಗಿ ನಡೆಯುವುದನ್ನೂ ಹೇಳಿರಿ. ಕಣಜದ ರೆಕ್ಕೆಯ ಬಲವು ಹುಳು ತಿಂದ ಎಲೆಯಿಂದ ಬಂದುದೆಂದು ತಿಳಿದರೆ, ಹಿತ್ತಿಲಿನ ಗಿಡವನ್ನೂ ಅದನ್ನು ಕಾಯುವ ಕೀಟವನ್ನೂ ಅವರು ಬೇರೆ ಕಣ್ಣಿನಿಂದ ನೋಡಿಯಾರು.